ಚೀಲದಲ್ಲಿದ್ದ ಕಾದಂಬರಿ

ಚೀಲದ ಗಂಟು ಹಾಗೇ ಇತ್ತು. ಒಳಗಿದ್ದ ಕಾದಂಬರಿ ಇರಲಿಲ್ಲ.

ಸೆಲಿನ್ ಚೀಲವನ್ನು ಮಂಚದ ಮೇಲೆ ಬೋರಲು ಹಾಕಿದಳು. ಹಳೆಯ ದಿನಪತ್ರಿಕೆಗಳ ಕಟ್ಟೊಂದು ದೊಪ್ಪನೆ ಬಿತ್ತು. ಮಾಯವಾಗಿದ್ದದ್ದು ಎರಡು ವರ್ಷ ಕೂತು ಕೈಯಲ್ಲಿ ಬರೆದ ಇನ್ನೂರ ನಲವತ್ತು ಪುಟಗಳು. ಇನ್ನೊಂದು ಪ್ರತಿ ಎಲ್ಲೂ ಇಲ್ಲ. ಬೆಳಿಗ್ಗೆ ದಾಂಡೇಲಿ ಪೇಟೆಯಲ್ಲಿ ಜೆರಾಕ್ಸ್ ಅಂಗಡಿ ತೆರೆಯುವುದನ್ನೇ ಅವಳು ಕಾಯುತ್ತಿದ್ದಳು.

“ಅಕ್ಕಾ, ನನ್ನ ಪುಸ್ತಕ ಇಲ್ಲ.”

ಪಕ್ಕದ ಮಂಚದ ಉಮಾಶ್ರೀ ಹಲ್ಲುಜ್ಜುತ್ತಿದ್ದವಳು ಬ್ರಷ್ಷನ್ನು ಬಾಯಲ್ಲೇ ಇಟ್ಟುಕೊಂಡು ಓಡಿ ಬಂದಳು. ಅವಳಿಗೆ ನಲವತ್ತೊಂದು ವರ್ಷ. ಹದಿನಾರು ವರ್ಷ ಪೊಲೀಸ್ ನೌಕರಿ ಮಾಡಿ ಹೆಡ್ ಕಾನ್‌ಸ್ಟೇಬಲ್ ಆಗಿದ್ದವಳು ದೀರ್ಘ ರಜೆ ಹಾಕಿ ಸೃಜನಶೀಲ ಬರವಣಿಗೆಯ ಎಂ.ಎ.ಗೆ ಸೇರಿದ್ದಳು. ಕೇಳಿದವರೆಲ್ಲ ನಕ್ಕಿದ್ದರು. ಅವಳು ಮಾತ್ರ ಎರಡು ವರ್ಷ ಒಂದು ತರಗತಿಯನ್ನೂ ತಪ್ಪಿಸಿರಲಿಲ್ಲ.

ಕಾಳಿ ದಂಡೆಯ ಅತಿಥಿಗೃಹದಲ್ಲಿ ಅದು ಕೊನೆಯ ಶಿಬಿರ. ಅಂದು ಸಂಜೆ ಐದರೊಳಗೆ ಎಲ್ಲರ ಹಸ್ತಪ್ರತಿ ವಿಶ್ವವಿದ್ಯಾಲಯದ ಕಚೇರಿ ಸೇರಬೇಕು. ಉಳಿದವರು ಕೊಟ್ಟಾಗಿತ್ತು. ಸೆಲಿನ್ ಒಬ್ಬಳದೇ ಬಾಕಿ. ಹಸ್ತಪ್ರತಿ ಇಲ್ಲದಿದ್ದರೆ ಪದವಿಯೂ ಇಲ್ಲ.

“ಕಡೀಗೆ ಯಾವಾಗ ನೋಡಿದ್ದಿ?”

“ನಿನ್ನೆ ಸಂಜಿ ಏಳಕ್ಕ ಊರಿಂದ ಬಂದೆ. ಚೀಲ ಗೂಟಕ್ಕ ಹಾಕಿ ಊಟಕ್ಕ ಹೋದೆ. ಆಮ್ಯಾಲ ಬಿಚ್ಚಲೇ ಇಲ್ಲ.”

“ಬಾಗಲಾ?”

“ಬರೇ ಮುಂದ ಮಾಡಿದ್ದೆ, ಕೀಲಿ ಹಾಕಿರ್ಲಿಲ್ಲ. ಇಲ್ಲೇನ ಕಳ್ಳರು ಬರ್ತಾರ ಅಂತ...”

ಸೆಲಿನ್ ಸಾಂಬ್ರಾಣಿ ಎಂಬ ಊರಿನ ಕಡೆಯ ಸಿದ್ದಿ ಹುಡುಗಿ. ಅವರ ಓಣಿಯಲ್ಲಿ ಎಂ.ಎ.ಗೆ ಸೇರಿದವಳು ಅವಳೊಬ್ಬಳೇ. ಸೂಪಾ ಡ್ಯಾಮಿನ ನೀರು ಏರುವಾಗ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಊರು ಬಿಟ್ಟಿದ್ದ ಅಜ್ಜಿ ಕಾತರಿನಾಳ ಬದುಕನ್ನೇ ಕಾದಂಬರಿ ಮಾಡಿದ್ದಳು. ಮೊದಲ ಮೂರು ಅಧ್ಯಾಯಗಳನ್ನು ತರಗತಿಯಲ್ಲಿ ಓದಿದ ದಿನ ಯಾರೂ ಮಿಸುಕಿರಲಿಲ್ಲ.

ಉಮಾಶ್ರೀ ಬಾಯಿ ತೊಳೆದು ಬಂದಳು. “ಅಳೂದು ಆಮ್ಯಾಲ. ನಡಿ, ಹುಡುಕೂಣು.”

*

ಹಿತ್ತಿಲಿನಿಂದ ಅಡುಗೆಯ ಕೆಂಚವ್ವ ಕೂಗಿದಳು. “ಅಕ್ಕಾರ, ಹಂಡೆ ಒಲಿಯಾಗ ಯಾರೋ ಕಾಗದಾ ಸುಟ್ಟಾರ ನೋಡ್ರಿ.”

ಒಲೆಯ ತುಂಬ ಕರಿ ಹಾಳೆಗಳ ಬೂದಿ. ಸೆಲಿನ್ ಗೋಡೆ ಹಿಡಿದುಕೊಂಡು ಕೂತುಬಿಟ್ಟಳು.

“ಯಾರು ಸುಟ್ಟದ್ದು ಕೆಂಚವ್ವಾ?” ಎಂದು ಉಮಾಶ್ರೀ ಕೇಳಿದಳು.

“ನಾ ಬಂದಾಗ ಸಿದ್ದಲಿಂಗಪ್ಪ ಒಲಿ ಮುಂದ ಕುಂತಿದ್ರು.”

ಸಿದ್ದಲಿಂಗ ಮುಂಡಗೋಡದ ಬಟ್ಟೆ ಅಂಗಡಿಯವರ ಮಗ, ಸೆಲಿನ್‌ಳ ಸಹಪಾಠಿ. ಗದ್ದಲ ಕೇಳಿ ಹಿತ್ತಿಲಿಗೆ ಬಂದಿದ್ದ ಅವನ ಮುಖ ಸುಣ್ಣದಂತಾಯಿತು. “ಕಾತರಿನಾ ಅಜ್ಜಿ ಕಥಿ ನಾ ಯಾಕ ಸುಡ್ಲಿ? ನಾ ಸುಟ್ಟದ್ದು ನಂದs.”

“ಏನು ನಿಂದು?”

ಹೇಳಲು ಅವನು ಬಾಯಿ ತೆರೆದ.

ಅಷ್ಟರಲ್ಲಿ ಶಲ್ಯ ಹೊದ್ದು ಉದಯಕುಮಾರ ಸರ್ ಬಂದರು. ಅವರೆಲ್ಲರಿಗೂ ಮಾರ್ಗದರ್ಶಕರು ಅವರೇ. ಒಂದು ಕಾಲಕ್ಕೆ ನಾಡೆಲ್ಲ ಓದಿದ ಕಾದಂಬರಿ ಬರೆದವರು. ಒಲೆಯನ್ನು ನೋಡಿದರು, ಸಿದ್ದಲಿಂಗನನ್ನು ನೋಡಿದರು, ನಿಟ್ಟುಸಿರು ಬಿಟ್ಟರು. ಸೆಲಿನ್‌ಳ ತಲೆಯ ಮೇಲೆ ಕೈಯಿಟ್ಟರು.

“ಹೊಟ್ಟಿಕಿಚ್ಚು ಮನಶ್ಯಾನ ಕಡೀಂದ ಏನ ಬೇಕಾದ್ದು ಮಾಡಸ್ತದ. ಈ ವರ್ಷ ಬ್ಯಾಡವಾ, ಮುಂದಿನ ವರ್ಷ ಮತ್ತ ಬರಿ. ಆದ್ರ ನೀರಾಗ ನಿಂತ ಆ ಮೊನಿಕಾ ಮತ್ತ ಸಿಗೂದು ಕಷ್ಟ.”

ಅಷ್ಟು ಹೇಳಿ ಒಳಗೆ ಹೋದರು.

ಉಮಾಶ್ರೀ ಇಕ್ಕಳದಿಂದ ಅರೆಸುಟ್ಟ ಚೂರೊಂದನ್ನು ಎತ್ತಿದಳು. ಗೆರೆ ಹಾಳೆ. ಸಾಲುಗಳು ಹಾಳೆಯ ಅಂಚಿನವರೆಗೆ ಹೋಗಿರಲಿಲ್ಲ. ಎಲ್ಲವೂ ನಡುವೆಯೇ ಮುಗಿದಿದ್ದವು. ಸೆಲಿನ್ ಬರೆಯುತ್ತಿದ್ದದ್ದು ಬಿಳಿ ಹಾಳೆಯ ಮೇಲೆ, ಅಂಚಿನಿಂದ ಅಂಚಿಗೆ.

“ಪದ್ಯ ಸುಟ್ಟಿಯೇನೋ?”

ಸಿದ್ದಲಿಂಗನ ಕಣ್ಣು ತುಂಬಿತು. “ಕರಡು ರೀ ಅಕ್ಕಾರ. ಐದು ವರ್ಷದ್ದು. ಹಳೇವು ಇಟ್ಕೊಂಡ್ರ ಹೊಸಾವು ಹುಟ್ಟೂದಿಲ್ಲ, ಬೆಳಿಗ್ಗೆ ಎದ್ದ ಕೂಡ್ಲೆ ಒಲಿಗೆ ಹಾಕು ಅಂತ ಸರ್ ನಿನ್ನೆ ರಾತ್ರಿ ಹೇಳಿದ್ರು.”

ಉಮಾಶ್ರೀ ಇಕ್ಕಳವನ್ನು ಕೆಳಗಿಟ್ಟಳು. ಕಿವಿಯಲ್ಲಿ ಒಂದು ಹೆಸರು ಇನ್ನೂ ಗುಂಯ್‌ಗುಡುತ್ತಿತ್ತು.

“ಸೆಲಿನ್, ಈ ಮೊನಿಕಾ ಯಾರು?”

ಸೆಲಿನ್ ತಲೆ ಎತ್ತಿದಳು. “ನಮ್ಮಜ್ಜೀನs. ಮೊನ್ನೆ ಆಕೀಗೆ ಓದಿ ಹೇಳಿದೆ. ಕಥಿ ನಂದs ಇರಲಿ, ಹೆಸರು ಬ್ಯಾಡ, ಚರ್ಚಿಗೆ ಹೋದ್ರ ಮಂದಿ ಕೇಳ್ತಾರ ಅಂದ್ಲು. ಎರಡು ದಿನಾ ಕುಂತು ಎಲ್ಲಾ ಕಡೆ ಕಾತರಿನಾ ಹೊಡೆದು ಮೊನಿಕಾ ಮಾಡಿದೆ.”

“ಇಲ್ಲಿ ಯಾರಿಗೆ ಹೇಳಿದ್ದಿ?”

“ಯಾರಿಗೂ ಇಲ್ಲ.” ಹುಡುಗಿಯ ಕಣ್ಣು ದೊಡ್ಡದಾಯಿತು.

ಉಮಾಶ್ರೀಯ ಮೈ ಝುಂ ಎಂದಿತು. ಕಳ್ಳನ ಜಾಡು ಸಿಕ್ಕಾಗಿನ ಹಳೆಯ ಝುಂ ಅದು. ಹಿಂದೆಯೇ ಅಳುಕೂ ಬಂತು. ಅವಳ ಹಸ್ತಪ್ರತಿಗೂ ಅಂಕ ಹಾಕುವವರು ಅದೇ ಸರ್. ಮಾತು ತಪ್ಪಾದರೆ ಅವಳ ಎರಡು ವರ್ಷವೂ ಅದೇ ಒಲೆಗೆ.

ಅವಳು ಸುತ್ತ ನೋಡಿದಳು. “ಕೆಂಚವ್ವ ಎಲ್ಲಿ? ನಿನ್ನೆ ಯಾರು ಕೋಣಿ ಕಡೆ ಬಂದಿದ್ರು ಕೇಳೂಣು.”

“ಸರ್ ಈಗs ಕರದ್ರು. ಪಾರ್ಸೆಲ್ ತಗೊಂಡು ಆಟೋದಾಗ ಬಸ್‌ಸ್ಟ್ಯಾಂಡಿಗೆ ಹೋದ್ಲು,” ಎಂದ ಸಿದ್ದಲಿಂಗ. “ಒಂಬತ್ತೂವರಿ ಬೆಳಗಾವಿ ಬಸ್ಸಿಗೆ ಕೊಡಬೇಕಂತ. ಸರ್ ಮನಿ ಬೆಳಗಾವಿಯಾಗs ಐತೆಲ್ಲ.”

ಗಡಿಯಾರದಲ್ಲಿ ಒಂಬತ್ತು ಹದಿನೆಂಟು.

“ಗಾಡಿ ತೆಗಿ.”

*

ಸಿದ್ದಲಿಂಗ ಬೈಕನ್ನು ಅಷ್ಟು ಜೋರಾಗಿ ಎಂದೂ ಓಡಿಸಿರಲಿಲ್ಲ. ಅವರು ನಿಲ್ದಾಣ ಮುಟ್ಟುವಾಗ ಬೆಳಗಾವಿ ಬಸ್ಸು ಹಿಂದೆ ಸರಿಯುತ್ತಿತ್ತು. ಬಾಗಿಲಲ್ಲಿ ಕಂಡಕ್ಟರ್. ಅವನ ಕೈಯಲ್ಲಿ ಕಂದು ಕಾಗದ ಸುತ್ತಿದ ಕಟ್ಟು.

ಉಮಾಶ್ರೀ ಹಾರಿ ಇಳಿದು ಬಸ್ಸಿನ ಮೈಗೆ ಬಡಿದಳು. “ನಿಂದ್ರಸ್ರಿ.”

ಬಸ್ಸು ನಿಂತಿತು. ಕೆಂಚವ್ವ ಬೆಚ್ಚಿ ತಿರುಗಿದಳು.

“ಕೆಂಚವ್ವಾ, ಸರ್ ಒಂದು ಹಾಳಿ ಒಳಗ ಇಡೂದು ಮರ್ತಾರಂತ. ವಾಪಸ್ ತಗೋ.”

“ಅಯ್ಯ, ಇಷ್ಟು ದೂರ ಬಂದಮ್ಯಾಲ?” ಗೊಣಗುತ್ತಲೇ ಕೆಂಚವ್ವ ಕೈ ಚಾಚಿದಳು. ಕಂಡಕ್ಟರ್ ಕೊಟ್ಟುಬಿಟ್ಟ.

ಉಮಾಶ್ರೀ ನೌಕರಿಯಲ್ಲಿದ್ದಾಗ ಇಷ್ಟು ಸಲೀಸಾಗಿ ಸುಳ್ಳು ಹೇಳಿರಲಿಲ್ಲ. ಕಥೆ ಕಟ್ಟುವುದನ್ನು ಕಲಿತದ್ದು ಇಂಥಲ್ಲಿ ಉಪಯೋಗಕ್ಕೆ ಬಂತು.

ಕಟ್ಟನ್ನು ಅವಳು ಮುಟ್ಟಲಿಲ್ಲ. “ನಿನ್ನ ಕೈಯಾಗs ಇರಲಿ. ದಾರ್ಯಾಗ ಯಾರೂ ಬಿಚ್ಚಿಲ್ಲ ಅನ್ನಾಕ ನೀನs ಸಾಕ್ಷಿ.”

*

ಊಟದ ಕೋಣೆಯಲ್ಲಿ ಶಿಬಿರದವರೆಲ್ಲ ಸೇರಿದ್ದರು. ಕೆಂಚವ್ವ ಕಟ್ಟನ್ನು ಸರ್ ಮುಂದೆ ಇಟ್ಟಳು. ಅವರ ಚಹಾದ ಲೋಟ ಅರ್ಧದಲ್ಲೇ ನಿಂತಿತು.

“ಇದು ಯಾಕ ವಾಪಸ್ ಬಂತು?”

“ನಾ ತರ್ಸಿದೆ ಸರ,” ಎಂದಳು ಉಮಾಶ್ರೀ. “ಏನೈತ್ರಿ ಒಳಗ?”

“ನನ್ನ ಹೊಸ ಕಾದಂಬರಿ. ಪ್ರಕಾಶಕರು ಕಾಯಾಕತ್ತಾರ.”

“ಹಂಗಾದ್ರ ಬಿಚ್ಚರಿ. ನಾವೂ ಕಣ್ಣ ತುಂಬ ನೋಡ್ತೀವಿ.”

“ಇದು ಠಾಣೆ ಅಲ್ಲ, ಉಮಾಶ್ರೀ ಅವರs. ನಿಮ್ಮ ಅಂಕ ನನ್ನ ಕೈಯಾಗ ಅದಾವು ಅನ್ನೂದು ನೆನಪಿರಲಿ.”

“ನೆನಪೈತ್ರಿ. ಬಿಚ್ಚರಿ.”

ಸರ್ ಕೈ ಕಟ್ಟಿ ಕೂತರು. ಉಮಾಶ್ರೀ ಎಲ್ಲರಿಗೂ ಕೇಳುವಂತೆ ಹೇಳಿದಳು. “ಸುಟ್ಟದ್ದು ಸಿದ್ದಲಿಂಗನ ಪದ್ಯ. ಬೂದಿಯಾಗ ಗೆರೆ ಹಾಳಿ ಐತಿ, ಗಿಡ್ಡ ಸಾಲು ಅದಾವು. ಸುಡಂತ ಹೇಳಿದವರು ನೀವs. ಬೂದಿ ಕಂಡ್ರ ಯಾರೂ ಹುಡುಕೂದಿಲ್ಲ, ಬೈಗಳಾ ಅವನ ತಲಿಮ್ಯಾಲೆ, ಅನ್ನೂದು ನಿಮ್ಮ ಲೆಕ್ಕ. ಆದ್ರ ಒಲಿ ಮುಂದ ನೀವು ಮೊನಿಕಾ ಅಂದ್ರಿ. ನಾವೆಲ್ಲಾ ಓದಿದ್ದು ಕಾತರಿನಾ. ಮೊನಿಕಾ ಅನ್ನೂ ಹೆಸರು ಹುಟ್ಟಿ ಎರಡು ದಿನ ಆಗೈತಿ. ಅದು ಇದ್ದದ್ದು ಆ ಚೀಲದಾಗ ಮಾತ್ರ. ನಿನ್ನೆ ನಾವು ಊಟಕ್ಕ ಕುಂತಾಗ ನೀವು ತಡಾ ಮಾಡಿ ಬಂದ್ರಿ. ಆ ಹೊತ್ತಿನ್ಯಾಗ ಕೆಲಸಾ ಮುಗಿಸಿದ್ರಿ. ಬೆಳತನಕಾ ಓದಿದ್ರಿ.”

ಸೆಲಿನ್ ಎದ್ದು ಬಂದಳು. ಅವರ ಮುಖವನ್ನೇ ನೋಡುತ್ತ ದಾರ ಜಗ್ಗಿದಳು. ಕಂದು ಕಾಗದ ಬಿಚ್ಚಿಕೊಂಡಿತು.

ಮೇಲಿನ ಹಾಳೆ ಹೊಸದು. ಅದರ ಮೇಲೆ ಸರ್ ಕೈಬರಹದಲ್ಲಿ ಬೇರೆಯೇ ಶೀರ್ಷಿಕೆ, ಕೆಳಗೆ ಅವರದೇ ಹೆಸರು. ಅದರಡಿ ಅವಳ ಬಿಳಿ ಹಾಳೆಗಳು, ಅಂಚಿನಿಂದ ಅಂಚಿಗೆ.

“ಹನ್ನೆರಡು ವರ್ಷ ಆತು,” ಎಂದರು ಉದಯಕುಮಾರ, ಲೋಟವನ್ನೇ ನೋಡುತ್ತ. “ಒಂದು ಪುಟಾನೂ ಬಂದಿಲ್ಲ. ಬರದs ಬರೀತೀನಿ ಅಂತ ಎಲ್ಲಾರಿಗೂ ಹೇಳ್ಕೋತ ಬಂದೆ. ಈಕೀದು ಓದಿದಾಗ ನಂದs ಅನಿಸ್ತು.”

“ನಿಮಗ ಹಂಗ ಅನಿಸಿದ್ದು ನನ್ನ ಬರವಣಿಗಿ ಚೊಲೊ ಐತಿ ಅಂತ, ಸರ,” ಎಂದಳು ಸೆಲಿನ್. “ಅದಕ್ಕ ಅಂಕ ಕೊಡಬೇಕಿತ್ತು.”

ಸಿದ್ದಲಿಂಗ ಮುಖ ಮುಚ್ಚಿಕೊಂಡು ಹೊರಗೆ ಹೋದ. ಅವನ ಐದು ವರ್ಷಗಳನ್ನು ಯಾರೂ ವಾಪಸು ತರುವಂತಿರಲಿಲ್ಲ.

*

ವಿಭಾಗದ ಮುಖ್ಯಸ್ಥೆಗೆ ಸೆಲಿನ್ ತಾನೇ ಫೋನು ಮಾಡಿದಳು. ಎಲ್ಲವನ್ನೂ ಕೇಳಿದ ಅವರು ಮೂರೇ ಮಾತು ಹೇಳಿದರು. ದೂರನ್ನು ಬರೆದು ತನ್ನಿ, ಹಸ್ತಪ್ರತಿಯನ್ನು ನೇರವಾಗಿ ನನ್ನ ಕೈಗೆ ಕೊಡಿ. ನಿಮ್ಮೆಲ್ಲರ ಮೌಲ್ಯಮಾಪನವನ್ನು ಬೇರೆಯವರು ಮಾಡುತ್ತಾರೆ. ಉಮಾಶ್ರೀಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು.

ಪೇಟೆಯ ಜೆರಾಕ್ಸ್ ಅಂಗಡಿಯಲ್ಲಿ ಯಂತ್ರ ಬಿಸಿಯಾಗಿ ಎರಡು ಸಲ ನಿಂತಿತು. ಸೆಲಿನ್ ಹಾಳೆಗಳನ್ನು ಒಂದೊಂದಾಗಿ ಕೊಡುತ್ತ, ಒಂದೊಂದಾಗಿ ಇಸಿದುಕೊಳ್ಳುತ್ತ ನಿಂತಳು. ಕಣ್ಣುಗಳು ಮಿಂಚುತ್ತಿದ್ದವು. ಸಿದ್ದಲಿಂಗ ಹೊರಗೆ ಹೊಸ ನೋಟುಬುಕ್ಕಿನ ರ್‍ಯಾಪರ್ ಹರಿಯುತ್ತಿದ್ದ. ನೆನಪಿದ್ದಷ್ಟು ಪದ್ಯಗಳನ್ನಾದರೂ ಇವತ್ತೇ ಇಳಿಸುವುದು ಅವನ ಹಟ.

“ಅಕ್ಕಾ, ಇದು ಕಡೀ ಅಧ್ಯಾಯ,” ಎಂದು ಸೆಲಿನ್ ಬಿಸಿಬಿಸಿ ಪ್ರತಿಯೊಂದನ್ನು ಚಾಚಿದಳು. “ನಿನ್ನೆ ಬಸ್ಸಿನ್ಯಾಗ ಮುಗಿಸಿದ್ದು. ಅಜ್ಜಿಗೂ ಓದಿ ಹೇಳಿಲ್ಲ. ನೀ ಓದು.”

ಉಮಾಶ್ರೀ ಅಂಗಡಿಯ ಮೆಟ್ಟಿಲ ಮೇಲೆ ಕೂತಳು. ಓದತೊಡಗಿದಳು. ಮುಂದೆ ರಸ್ತೆ ಇತ್ತು, ಲಾರಿಗಳಿದ್ದವು. ಅವಳಿಗೆ ಕೇಳಿಸಲಿಲ್ಲ.

“ಅಕ್ಕಾರ, ಯುನಿವರ್ಸಿಟಿ ಕಡೆ ಹೋಗೂ ಬಸ್ಸು ಬಂತು,” ಎಂದ ಸಿದ್ದಲಿಂಗ.

ಅವಳು ತಲೆ ಎತ್ತಲಿಲ್ಲ. ಒಂದು ಕೈಯಿಂದ ಕಣ್ಣೊರೆಸಿಕೊಂಡಳು, ಇನ್ನೊಂದು ಕೈಯಿಂದ ಪುಟ ತಿರುವಿದಳು.

“ತಡಿ. ಎರಡs ಪುಟ ಉಳದಾವು.”