ಐದು ಗಂಟೆಗೆ ಬದಲಾದ ಪರದೆ

"ಆಚೆ ಹೋಗ್ರೀ! ನಾಚಿಕೆ ಆಗಲ್ವಾ?"

ಬಿಸಿನೀರಿನ ಕೊಳದ ಹಬೆಯೂ ಬೆಚ್ಚಿಬೀಳುವಂತೆ ಕೂಗಿದಳು ಫುಮಿನೊ. ಮೈಗೆ ಸುತ್ತಿದ್ದು ಒಂದೇ ಟವೆಲ್. ಎದುರಿಗೆ, ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿಕೊಂಡು ನೀರಿನ ಮೇಲಿನ ಎಲೆ ತೆಗೆಯುತ್ತಿದ್ದ ಗಂಡಸು!

"ಮೇಡಂ, ಇದು..."

ಮಾತು ಮುಗಿಯುವ ಮೊದಲೇ ಮರದ ಬೋಗುಣಿ ಹಾರಿ ಅವನ ಹಣೆಗೆ ಬಡಿಯಿತು.

ಹತ್ತೇ ನಿಮಿಷದಲ್ಲಿ ಬಟ್ಟೆ ತೊಟ್ಟು, ವಸತಿಗೃಹದ ಒಡತಿ ಕಿಯೋ ಸಾನ್ ಮುಂದೆ ನಿಂತಿದ್ದಳು.

"ಹೆಂಗಸರ ಸ್ನಾನದಮನೆಗೆ ಗಂಡಸನ್ನ ಬಿಟ್ಟಿದ್ದೀರಲ್ಲ!"

ಸ್ನಾನದಮನೆ ನೋಡಿಕೊಳ್ಳುವ ಮಸಾತೊ ಹಣೆಯ ಬುಗುಟು ಹೊತ್ತುಕೊಂಡೇ ಬಂದ. ಫುಮಿನೊಳನ್ನು ಒಂದು ಸಲ ನೋಡಿದ. ತಲೆ ಬಾಗಿಸಿದ.

"ತಪ್ಪು ನಂದೇ, ಅಮ್ಮಾವ್ರೇ. ಬೆಳಿಗ್ಗೆ ಗಂಡಸರ, ಹೆಂಗಸರ ಕೊಳದ ಬಾಗಿಲ ಪರದೆ ಬದಲಾಯ್ಸೋದು ಮರೆತಿದ್ದೆ. ಈಗಷ್ಟೇ ಬದಲಾಯ್ಸಿದೆ."

"ಹದಿನಾಲ್ಕು ವರ್ಷದಲ್ಲಿ ಒಂದು ದಿನಾನೂ ಮರೆತಿರ್ಲಿಲ್ವಲ್ಲೋ!" ಕಿಯೋ ಸಾನ್ ಹಣೆ ಚಚ್ಚಿಕೊಂಡರು. "ಇನ್ನು ಯಾವ ಹೆಣ್ಮಗಳು ನನ್ನ ಮನೆ ನಂಬ್ತಾಳೆ? ಗಂಟು ಕಟ್ಟು. ಇವತ್ತಿನ ಬಸ್ಸಿಗೇ ಹೊರಡು."

'ಸರಿಯಾಯ್ತು!' ಎಂದುಕೊಂಡಳು ಫುಮಿನೊ. ಆದರೆ ಆ ಒಂದು ನೋಟ... ಮುಳ್ಳಿನಂತೆ ಯಾಕೆ ಚುಚ್ಚುತ್ತಿದೆ?

ಮದುವೆಗೆ ಮೂರೇ ವಾರ ಇದೆ ಎನ್ನುವಾಗ ಬೇಡ ಎಂದು ಎದ್ದು ಬಂದವಳು ಅವಳು. ಇಬ್ಬರಿಗೆಂದು ಕಾದಿರಿಸಿದ್ದ ಕೋಣೆಗೆ ಒಬ್ಬಳೇ ಬಂದಿದ್ದಳು. ಹಿಂದಿನ ಸಂಜೆ ಕಿಯೋ ಸಾನ್, "ಜೊತೆಯವರು?" ಎಂದಾಗ ಬಾಗಿಲಲ್ಲೇ ಎಲ್ಲರಿಗೂ ಕೇಳುವಂತೆ ಹೇಳಿದ್ದಳು:

"ಬರಲ್ಲ! ನಾಲ್ಕು ವರ್ಷ ಅವನಿಗೂ ಅವನಮ್ಮನಿಗೂ ಕ್ಷಮಿಸಿ, ಕ್ಷಮಿಸಿ ಅಂದೂ ಅಂದೂ ಸಾಕಾಗಿದೆ. ಇನ್ಮೇಲೆ ಯಾರ ಹತ್ರಾನೂ ಕ್ಷಮೆ ಕೇಳಲ್ಲ!"

ಬೆಳಗಿನ ಊಟಕ್ಕೆ ಪಕ್ಕದಲ್ಲಿ ಕೂತ ಅತಿಥಿ ಅಜ್ಜಿಯೊಬ್ಬರು ಸುಟ್ಟ ಮೀನಿನ ಮುಳ್ಳು ಬಿಡಿಸುತ್ತಾ ಕೇಳಿದರು.

"ಎಡಗಡೆ ಕೊಳಕ್ಕೆ ಹೋದ್ಯಂತೆ, ಮಗಳೇ? ಎಲ್ರಿಗೂ ಎರಡೂ ಕೊಳ ಸಿಗ್ಲಿ ಅಂತ ತಾನೇ ದಿನಾ ಅದಲು ಬದಲು ಮಾಡೋದು? ಬೆಳಿಗ್ಗೆ ಐದಕ್ಕೆ ಸರಿಯಾಗಿ, ನನ್ನ ಕಣ್ಣೆದುರಿಗೇ ಆ ಹುಡುಗ ಪರದೆ ಬದಲಾಯ್ಸಿದ. ಗಂಡಸರ ನೀಲಿ ಎಡಕ್ಕೆ, ನಮ್ಮ ಕೆಂಪು ಬಲಕ್ಕೆ. ನಾನು ಬಲಗಡೆ ಮಿಂದು ಬಂದೆ."

ಫುಮಿನೊಳ ಕೈಯಿಂದ ಊಟದ ಕಡ್ಡಿ ಜಾರಿತು.

ನಿದ್ದೆಗಣ್ಣಲ್ಲಿ ಪರದೆಯ ಬಣ್ಣ ನೋಡದೆ ನಿನ್ನೆಯ ದಾರಿಯನ್ನೇ ಹಿಡಿದವಳು ತಾನು! ಹಾಗಾದರೆ ಅವನು...?

ಮರದ ಚಪ್ಪಲಿ ಟಕಟಕ ಎನ್ನುತ್ತಿದ್ದಂತೆ ಓಡಿದಳು. ಬಸ್‌ ನಿಲ್ದಾಣದಲ್ಲಿ ಮಸಾತೊ ಚೀಲ ಹಿಡಿದು ಕೂತಿದ್ದ.

"ಯಾಕ್ರೀ ಸುಳ್ಳು ಹೇಳಿದ್ರಿ?"

ಅವನು ಗಾಬರಿಯಿಂದ ಎದ್ದು ನಿಂತ. "ನಿಜ ಹೇಳಿದ್ರೆ ನೀವು ಎಲ್ರ ಮುಂದೆ ಕ್ಷಮೆ ಕೇಳ್ಬೇಕಾಗ್ತಿತ್ತು. ನಿನ್ನೆ ನಿಮ್ಮ ಮಾತು ಕೇಳಿಸ್ಕೊಂಡಿದ್ದೆ. ಅಷ್ಟು ಕಷ್ಟಪಟ್ಟು ಎತ್ತಿದ ತಲೆ... ನನ್ನಿಂದ ತಗ್ಗೋದು ಬೇಡ ಅನ್ನಿಸ್ತು."

ತನ್ನ ತಲೆ ತಗ್ಗದಿರಲಿ ಎಂದು ಅನ್ನವನ್ನೇ ಬಿಟ್ಟು ಹೊರಟ ಮನುಷ್ಯ! ಫುಮಿನೊಳ ಕಣ್ಣು ತುಂಬಿ ಬಂತು... ಜೊತೆಗೇ ಸಿಟ್ಟೂ ಉಕ್ಕಿತು.

"ನನ್ನ ತಲೆ ಕಾಯೋಕೆ ನೀವ್ಯಾರ್ರೀ? ನಾನಂದಿದ್ದು ಮಾಡದ ತಪ್ಪಿಗೆ ಕ್ಷಮೆ ಕೇಳಲ್ಲ ಅಂತ. ಮಾಡಿದ್ದನ್ನ ಒಪ್ಕೊಳ್ಳೋಕೆ ನನಗೇನು ಭಯಾನಾ? ಎತ್ರೀ ಚೀಲ!"

ವಸತಿಗೃಹದ ಬಾಗಿಲಲ್ಲಿ, ಅತಿಥಿಗಳೆಲ್ಲರ ಮುಂದೆ ನಿಂತು ಹೇಳಿದಳು:

"ಕಿಯೋ ಸಾನ್, ಪರದೆ ಸರಿಯಾಗೇ ಇತ್ತು. ಕಣ್ಣು ಬಿಟ್ಟು ನೋಡದೆ ನುಗ್ಗಿದ್ದು ನಾನು. ಕ್ಷಮಿಸಿ. ಮಸಾತೊ ಸಾನ್, ನೀವೂ ಕ್ಷಮಿಸಿ."

ನಾಲ್ಕು ವರ್ಷದಲ್ಲಿ ಗಂಟಲಿಗೆ ಕಹಿ ಎನ್ನಿಸದ ಮೊದಲ ಕ್ಷಮೆ ಅದು.

ಕಿಯೋ ಸಾನ್ ಉಡುಪಿನ ತೋಳಿನಿಂದಲೇ ಕಣ್ಣೊರೆಸಿಕೊಂಡು ಗದರಿದರು. "ಲೋ ಮಸಾತೊ! ಸುಳ್ಳು ಹೇಳಿದ್ದಕ್ಕೆ ಎರಡೂ ಕೊಳ ಉಜ್ಜು, ಹೋಗು!"

ಬ್ರಷ್ ಹಿಡಿದು ಹೊರಟವನು ಹೊಸ್ತಿಲಲ್ಲಿ ನಿಂತ.

"ನಾಳೆ ಹೊರಡ್ತೀರಾ?"

"ಹತ್ತೂವರೆ ಬಸ್ಸಿಗೆ."

"ಓ... ಸರಿ."

"ಸರೀನಾ? ಬೇರೆಯವರ ತಪ್ಪು ಹೊತ್ಕೊಳ್ಳೋಕೆ ಬಾಯಿದೆ. ನಿಮಗೆ ಬೇಕಾದ್ದು ಕೇಳೋಕೆ ಬಾಯಿಲ್ವಾ?"

ಅವನ ಕಿವಿಗಳು ಕೆಂಪಾದವು. "ಮುಂದಿನ ಶನಿವಾರ... ಮತ್ತೆ ಬರ್ತೀರಾ? ಸ್ನಾನಕ್ಕಲ್ಲ. ನನ್ನ ನೋಡೋಕೆ."

"ಕೇಳಿಸ್ಲಿಲ್ಲ."

"ನನ್ನ ನೋಡೋಕೆ ಬರ್ತೀರಾ, ಫುಮಿನೊ ಸಾನ್?"

ಒಳಗೆ ಅಜ್ಜಿ ಕಿಸಕ್ಕನೆ ನಕ್ಕರು. ಫುಮಿನೊ ಗಲ್ಲ ಎತ್ತಿದಳು.

"ಬರ್ತೀನಿ. ಯಾರ ಅಪ್ಪಣೆನೂ ಕೇಳದೆ ಬರ್ತೀನಿ!"