ಹಿಂದಕ್ಕೆ ಚಾಚಿದ ಕೈ

“ಆ ಗ್ರೌಂಡಲ್ಲಿ ಹಿಂದಿನಿಂದ ಯಾರಾದ್ರೂ ‘ಕೈ’ ಅಂತ ಕೂಗಿದ್ರೆ ಕೈ ಚಾಚಬೇಡ,” ಎಂದ ಅಪ್ಪ.

ಬೂಟಿನ ಲೇಸು ಬಿಗಿಯುತ್ತಿದ್ದ ಮಗಳು ತಲೆ ಎತ್ತದೆಯೇ ನಕ್ಕಳು. ಹಳೆಯ ರಿಲೇ ಓಟಗಾರನಾದ ಅಪ್ಪ ಆರನೇ ವಯಸ್ಸಿನಿಂದ ಅವಳಿಗೆ ಕಲಿಸಿದ್ದೇ ಇದರ ಉಲ್ಟಾ. ಹಿಂದಿನವನು ‘ಕೈ’ ಎಂದ ತಕ್ಷಣ ತಿರುಗಿ ನೋಡದೆ ಅಂಗೈ ಹಿಂದಕ್ಕೆ ಚಾಚು, ಕೋಲು ಬಂದು ಬೀಳುತ್ತದೆ, ಹಿಡಿದು ಓಡು, ಮುಂದಿನವನಿಗೆ ದಾಟಿಸು. ಕೊನೆಗೆ ಓಡುವ ನಾಲ್ಕನೆಯವನು ಮಾತ್ರ ಅದನ್ನು ಯಾರಿಗೂ ಕೊಡುವಂತಿಲ್ಲ. ಈಗ ನೋಡಿದರೆ ಕೈಯನ್ನೇ ಚಾಚಬಾರದಂತೆ. ಅರವತ್ತಕ್ಕೆ ಅರಳು ಮರಳು ಎಂದುಕೊಂಡು ಹೊರಟಳು.

ಹೆದರಿ ಕೂರಲು ಅವಳಿಗೆ ಪುರುಸೊತ್ತಾದರೂ ಎಲ್ಲಿತ್ತು? ಸರ್ವೆ ಕಚೇರಿಯಲ್ಲಿ ನಾಲ್ಕು ವರ್ಷ ಬೇರೆಯವರ ಟೇಪಿನ ತುದಿ ಹಿಡಿದು ನಿಂತ ಮೇಲೆ ಸಿಕ್ಕ ಮೊದಲ ಸ್ವಂತ ಕೆಲಸ ಅದು. ಪಾಳು ಬಿದ್ದ ಆಟದ ಮೈದಾನದಲ್ಲಿ ಗೋದಾಮು ಏಳಬೇಕಿತ್ತು, ಅಳತೆ ಅವಳದು. ಮೊದಲು ಹೋದ ಇಬ್ಬರು ಸರ್ವೇಯರುಗಳು ಅಲ್ಲೇ ಸತ್ತಿದ್ದರು. ಬಿಸಿಲು ಬಡಿದು ಸತ್ತರು ಎಂದು ಕಚೇರಿ ಬರೆದುಕೊಂಡಿತ್ತು. ಅವರ ಬೂಟಿನ ಅಡಿ ಪೂರಾ ಸವೆದು ಪಾದ ಕಾಣುತ್ತಿದ್ದುದನ್ನು ಯಾರೂ ಬರೆದಿರಲಿಲ್ಲ.

ಅದನ್ನು ಹೇಳಿದವನು ಮೈದಾನದ ಗೇಟಿನ ಮುದಿ ಕಾವಲುಗಾರ. ಮೂವತ್ತು ವರ್ಷದ ಹಿಂದೆ ಇಲ್ಲಿ ರಿಲೇ ಓಟವಿದ್ದರೆ ಪೇಟೆಯ ಅಂಗಡಿಗಳು ಬಾಗಿಲು ಹಾಕುತ್ತಿದ್ದವಂತೆ. ಊರಿನ ನಾಲ್ವರನ್ನು ಸೋಲಿಸುವ ಗಂಡಸೇ ಇರಲಿಲ್ಲ. ಆಮೇಲೆ ನಾಲ್ಕನೆಯವನಿಗೆ ಬೇರೆ ಕ್ಲಬ್ಬಿನವರು ಕೆಲಸದ ಆಸೆ ತೋರಿಸಿದರು. ಓಟದ ದಿನ ಹೇಳದೆ ಕೇಳದೆ ಅವನು ಜಾಗ ಖಾಲಿ ಮಾಡಿದ. ಮೂರನೆಯವನು ಕೊನೆಯ ತಿರುವಿಗೆ ಬಂದು ‘ಕೈ, ಕೈ’ ಎಂದು ಕೂಗಿದರೆ ಅಲ್ಲಿ ಯಾರಿದ್ದಾರೆ? ಛಲಕ್ಕೆ ಬಿದ್ದು ಉಳಿದದ್ದನ್ನೂ ತಾನೇ ಓಡಿದ. ಗೆರೆಗೆ ಹತ್ತು ಹೆಜ್ಜೆ ಇರುವಾಗ ಎದೆ ಒಡೆದು ಬಿದ್ದ. ಅವನ ತಾಯಿ ಆಟಗಾರರ ಬಟ್ಟೆ ಒಗೆಯುವವಳು, ಮಾಟ ಬಲ್ಲವಳು. ಮಗನ ಕೂದಲನ್ನು ಆ ಕೋಲಿಗೆ ಸುತ್ತಿ, ಏಳು ಗಂಟು ಹಾಕಿ, ಅದೇ ತಿರುವಿನಲ್ಲಿ ಹೂತಳು. ನನ್ನ ಮಗನ ಕೈಯಿಂದ ಇದನ್ನು ಇಸಿದುಕೊಂಡು ಗೆರೆ ಮುಟ್ಟಿಸುವವರೆಗೆ ಈ ನೆಲ ಯಾರಿಗೂ ದಕ್ಕದಿರಲಿ ಎಂದಳಂತೆ. ಇಸಿದುಕೊಂಡ ಆ ಇಬ್ಬರು ಸರ್ವೇಯರುಗಳು ಗೆರೆ ಸಿಗದೆ ಸುತ್ತಿ ಸುತ್ತಿ ಸತ್ತರು.

ಓಡಿಹೋದ ಆ ಪುಣ್ಯಾತ್ಮ ಯಾರು ಎಂದು ಅವಳು ನಗುತ್ತಲೇ ಕೇಳಿದಳು.

“ಅದೇ ಮೂಗು, ಅದೇ ನಡಿಗೆ,” ಎಂದ ಮುದುಕ. “ಮನೆಗೆ ಹೋಗಿ ನಿಮ್ಮಪ್ಪನ್ನೇ ಕೇಳಮ್ಮ.”

ನಗು ಅಲ್ಲಿಗೇ ನಿಂತಿತು. ಅಪ್ಪನ ಮೇಲೆ ಸಿಟ್ಟು ಬಂತು, ಸತ್ತವನ ಬಗ್ಗೆ ಅಯ್ಯೋ ಎನಿಸಿತು. ಆದರೂ ವಾಪಸ್ಸು ಹೋಗುವ ಜಾತಿಯವಳಲ್ಲ. ಹಳೆಯ ನಕ್ಷೆ ಬಿಡಿಸಿ ಅಳೆಯತೊಡಗಿದಳು. ಬೆಳಗಿನ ಅಳತೆಯಲ್ಲಿ ಒಂದು ಸಂಗತಿ ಸಿಕ್ಕಿತು. ನಕ್ಷೆಯಾದ ಮೇಲೆ ಎದ್ದ ತಗಡಿನ ಬೇಲಿ ಓಟದ ದಾರಿಯನ್ನು ಕತ್ತರಿಸಿತ್ತು. ಮುಗಿಯುವ ಗೆರೆ ಬೇಲಿಯ ಆಚೆ ನಾಲ್ಕು ಹೆಜ್ಜೆ ದೂರ ಉಳಿದಿತ್ತು. ಬೇಲಿ ಹಾಕಿದವರ ಕಣ್ಣು ಎಲ್ಲಿತ್ತೋ ಎಂದು ಬೈದುಕೊಂಡು ಗುರುತು ಹಾಕಿದಳು.

ಮಧ್ಯಾಹ್ನ ಕೊನೆಯ ತಿರುವಿಗೆ ಬಂದಳು. ಎದೆಯೆತ್ತರದ ಹುಲ್ಲು. ಗಾಳಿ ಸತ್ತುಹೋಗಿತ್ತು. ಸುಣ್ಣದ ಪುಡಿಯ ವಾಸನೆ, ನೋವಿನ ಎಣ್ಣೆಯ ಘಾಟು, ಹಳೇ ಬೆವರು ಒಟ್ಟಿಗೇ ಮೂಗಿಗೆ ಹೊಡೆದವು. ನಡುಬಿಸಿಲಿನಲ್ಲೇ ಕಣ್ಣಿಗೆ ಕತ್ತಲೆ ಕವಿಯಿತು. ಹಿಂದೆ ಮೊಳೆಬೂಟುಗಳ ಸದ್ದು. ದೂರದಲ್ಲಿ. ಹತ್ತಿರ. ಬೆನ್ನಿಗೇ. ಕಿವಿಯ ಬುಡದಲ್ಲಿ ಏದುಸಿರು.

“ಕೈ!”

ಬುದ್ಧಿ ಬೇಡ ಎಂದಿತು. ಇಪ್ಪತ್ತು ವರ್ಷದ ಅಭ್ಯಾಸ ಬುದ್ಧಿಯ ಮಾತು ಕೇಳುತ್ತದೆಯೇ? ಬಲಗೈ ತಾನೇ ಹಿಂದಕ್ಕೆ ಹೋಯಿತು. ತಣ್ಣನೆಯ ಕೋಲು ಅಂಗೈಗೆ ಬಡಿಯಿತು. ಬೆರಳು ಮುಚ್ಚಿದವು. ಕೂದಲು ಬೆರಳ ಸಂದಿಗೆ ತೊಡರಿತು. ಕಾಲು ಓಡಿತು. ನಿಲ್ಲಿಸಿದಳು, ನಿಲ್ಲಲಿಲ್ಲ. ಕೊಡವಿದಳು, ಬಿಡಲಿಲ್ಲ. ಎದುರಿಗೆ ತಗಡಿನ ಬೇಲಿ. ಸತ್ತ ಇಬ್ಬರೂ ಇಲ್ಲೇ ತಿರುಗಿದ್ದರು. ಕಾಲು ತಿರುಗಲು ಎಳೆಯಿತು. ಎದೆ ಬಿರಿಯುತ್ತಿತ್ತು. “ತಿರುಗಲ್ಲ,” ಎಂದಳು ಹಲ್ಲು ಕಚ್ಚಿ. “ನಿನ್ನ ಗೆರೆ ಎಲ್ಲಿದೆ ಅಂತ ನಂಗೊತ್ತು.” ಭುಜ ಮುಂದೆ ಮಾಡಿದಳು. ನುಗ್ಗಿದಳು. ತಗಡು ಹರಿಯಿತು. ತೋಳು ಸೀಳಿತು. ಒಂದು. ಎರಡು. ಮೂರು. ನಾಲ್ಕು.

ಬಿದ್ದಳು. ಬೆನ್ನ ಹಿಂದಿನ ಏದುಸಿರು ನಿಧಾನವಾಯಿತು. ಯಾರೋ ಬಹಳ ದಿನದ ಮೇಲೆ ನೆಮ್ಮದಿಯ ಉಸಿರು ಬಿಟ್ಟಂತಾಯಿತು. ಹುಲ್ಲಿನ ಮೇಲೆ ಗಾಳಿ ಬೀಸಿತು.

ಸಂಜೆ ಹೊತ್ತಿಗೆ ತೋಳಿಗೆ ಹೊಲಿಗೆ ಬಿತ್ತು. ಮುಷ್ಟಿ ಮಾತ್ರ ಬಿಚ್ಚಲಿಲ್ಲ. ಡಾಕ್ಟರು ಬೆರಳು ಎಳೆದೆಳೆದು ಸೋತರು. ಒಳಗೆ ಏನೂ ಕಾಣುತ್ತಿರಲಿಲ್ಲ, ಆದರೆ ಕೋಲಿನ ತಣುಪು ಅವಳಿಗೆ ಗೊತ್ತಾಗುತ್ತಿತ್ತು.

ಮನೆಗೆ ಬಂದಾಗ ಅಪ್ಪ ಆ ಮುಷ್ಟಿಯನ್ನು ನೋಡಿದ. ಊರುಗೋಲು ಗೋಡೆಗೆ ಒರಗಿಸಿದ. ಅವಳಿಗೆ ಬೆನ್ನು ಹಾಕಿ ನಿಂತು, ತಿರುಗಿ ನೋಡದೆ ಅಂಗೈಯನ್ನು ಹಿಂದಕ್ಕೆ ಚಾಚಿದ.

“ಕೊಡು ಮಗಳೇ. ಅದು ನನ್ನ ಓಟ.”

ಮುಷ್ಟಿಯೊಳಗೆ ಕೋಲು ಮಿಸುಕಿತು. ಮೂವತ್ತು ವರ್ಷದಿಂದ ಅದು ಕಾದದ್ದು ಆ ಅಂಗೈಗೇ. ಕೊಟ್ಟರೆ ತನ್ನ ಕೈ ಬಿಡುಗಡೆಯಾಗುತ್ತದೆ, ಅಪ್ಪನ ಎದೆ ಓಡಿದ ಎರಡೇ ಹೆಜ್ಜೆಗೆ ಒಡೆಯುತ್ತದೆ. ಅವಳು ಮುಷ್ಟಿಯನ್ನು ಕಂಕುಳಲ್ಲಿ ಅವುಚಿಕೊಂಡಳು.

“ಕೊನೇ ಓಟಗಾರ ಕೋಲು ಯಾರಿಗೂ ಕೊಡಲ್ಲಪ್ಪ,” ಎಂದಳು. “ನೀನೇ ಹೇಳ್ಕೊಟ್ಟಿದ್ದು.”

ಅಪ್ಪನ ಕೈ ಬಹಳ ಹೊತ್ತು ಹಾಗೇ ಚಾಚಿಕೊಂಡಿತ್ತು. ಅವಳು ಕೂತು, ಎಡಗೈಯಲ್ಲಿ ಬೂಟಿನ ಲೇಸು ಬಿಚ್ಚತೊಡಗಿದಳು.