ಹಸಿರು–ನೀಲಿ ಕಟ್ಟು

“ನಿನ್ನ ಮೀನು ತೆಗಿ.”

“ನಿನ್ನ ಆನೆ ತೆಗಿ.”

“ಮೀನಿಗೆ ಒಂದೇ ಸ್ಟಾರು ಕಣೇ! ಒಂದು ಸ್ಟಾರಿಂದು ಏನ್ ಕಡಿದು ಕಟ್ಟೆ ಹಾಕುತ್ತೆ?”

“ನಿನ್ನ ಆನೆಗೆ ಐದು ಸ್ಟಾರು. ಅದು ಎದ್ದು ಬರೋ ಹೊತ್ತಿಗೆ ನಾವು ಸತ್ತೋಗಿರ್ತೀವಿ.”

ಶ್ರೀಪ್ರಿಯಾಳ ಮನೆಯ ಜಗಲಿಯ ಮೇಲೆ ನಲವತ್ತಾರು ಕಾರ್ಡುಗಳು ಹರಡಿಕೊಂಡಿದ್ದವು. ಒಂದು ಕಡೆ ಹಸಿರು, ಒಂದು ಕಡೆ ನೀಲಿ. ಹಸಿರು ಕಾಡಿನವು ಅನಿತಳವು, ನೀಲಿ ಸಮುದ್ರದವು ಅವಳ ಗೆಳತಿ ಶ್ರೀಪ್ರಿಯಾಳವು. ಗಾಳಿಗೆ ಹಾರದಂತೆ ನಾಲ್ಕು ಮೂಲೆಗೂ ಚಪ್ಪಲಿ ಇಟ್ಟಿದ್ದರು.

ಅದು ಎರಡು ಸಾವಿರದ ಮೂರನೇ ಇಸವಿಯ ಬೇಸಿಗೆ ರಜೆ. ಆ ರಜೆಯಲ್ಲಿ ಸುಗಟೂರಿನ ಮಕ್ಕಳಿಗೆ ಬೇರೆ ಯಾವ ಆಟವೂ ಬೇಕಿರಲಿಲ್ಲ. ಕೋಲಾರದ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಫ್ಯಾನ್ಸಿ ಸ್ಟೋರಿನಲ್ಲಿ ‘ಮಾಯಾಯುದ್ಧ’ದ ಪ್ಯಾಕೆಟ್ ಸಿಗುತ್ತಿತ್ತು. ಯಾರ ಅಪ್ಪ ಕೋಲಾರಕ್ಕೆ ಹೊರಟರೂ ಮಕ್ಕಳು ಬಸ್ಸಿನ ಬಾಗಿಲವರೆಗೂ ಹಿಂದೆ ಹೋಗಿ ನೆನಪಿಸಿ ಬರುತ್ತಿದ್ದರು. ಪ್ಯಾಕೆಟ್ ಒಡೆದಾಗ ಬರುವ ಹೊಸ ಕಾಗದದ ವಾಸನೆಯನ್ನು ಮೊದಲು ಮೂಸಬೇಕು, ಆಮೇಲೆ ಕಾರ್ಡು ನೋಡಬೇಕು. ಅನಿತ ಹಾಗೇ ಮಾಡುತ್ತಿದ್ದಳು.

ಒಳಗೆ ಏನಿದೆ ಎಂದು ಮಾತ್ರ ಮೊದಲೇ ಗೊತ್ತಾಗುತ್ತಿರಲಿಲ್ಲ. ಅನಿತಳಿಗೆ ಯಾವಾಗಲೂ ಆನೆಯೇ ಬರುತ್ತಿತ್ತು. ಆರು ಆನೆ ಸೇರಿದ್ದವು. ಶ್ರೀಪ್ರಿಯಾಳಿಗೆ ಮರಿಮೀನೇ ಬರುತ್ತಿತ್ತು. ಅವೂ ಆರು.

ಆಟಕ್ಕೆ ಕಡಿಮೆ ಎಂದರೆ ನಲವತ್ತು ಕಾರ್ಡು ಬೇಕು. ಒಬ್ಬೊಬ್ಬರ ಹತ್ತಿರ ಅಷ್ಟಿರಲಿಲ್ಲ. ಆದ್ದರಿಂದ ಇಬ್ಬರೂ ಸೇರಿಸಿ ಒಂದೇ ಕಟ್ಟು ಮಾಡಿಕೊಂಡಿದ್ದರು. ಒಂದು ದಿನ ಕಟ್ಟು ಅನಿತಳ ಮನೆಯಲ್ಲಿ, ಮರುದಿನ ಶ್ರೀಪ್ರಿಯಾಳ ಮನೆಯಲ್ಲಿ. ಅನಿತಳ ಅಪ್ಪ ಮತ್ತು ದೊಡ್ಡಪ್ಪ ಬೋರ್‌ವೆಲ್ ನೀರನ್ನು ಹಾಗೇ ದಿನ ಬಿಟ್ಟು ದಿನ ಸರದಿಯಂತೆ ವಂತು ಹಾಕಿಕೊಂಡು ಹಿಪ್ಪುನೇರಳೆ ತೋಟಕ್ಕೆ ಬಿಡುತ್ತಿದ್ದರು. ಅನಿತ ಅದನ್ನೇ ಇಲ್ಲಿಗೂ ತಂದಿದ್ದಳು.

ತೊಂದರೆ ಏನೆಂದರೆ, ಹಸಿರು ಪ್ರಾಣಿಯನ್ನು ಆಟಕ್ಕೆ ಇಳಿಸಲು ಹಸಿರು ನೆಲದ ಕಾರ್ಡೇ ಬೇಕು, ನೀಲಿಗೆ ನೀಲಿ ನೆಲವೇ. ಎಷ್ಟು ಸ್ಟಾರೋ ಅಷ್ಟು ನೆಲ. ಕೈಯಲ್ಲಿ ಆನೆ ಇದ್ದಾಗ ನೀಲಿ ನೆಲ ಬರುತ್ತಿತ್ತು, ಮೀನು ಇದ್ದಾಗ ಹಸಿರು ನೆಲ. ಕಟ್ಟು ದಪ್ಪವಾದಷ್ಟೂ ಬೇಕಾದ ಕಾರ್ಡು ತಳದಲ್ಲೇ ಕೂತಿರುತ್ತಿತ್ತು.

ಹೋದ ಭಾನುವಾರ ಹೀಗೇ ಸೋತಿದ್ದರು. ಗೆದ್ದವನು ಶ್ರೀಕೃಷ್ಣ, ಏಳನೇ ಕ್ಲಾಸಿನವನು, ಕೋಲಾರದ ಕಾನ್ವೆಂಟಿಗೆ ಹೋಗುವವನು. ಅವನ ಕಾರ್ಡೆಲ್ಲ ಬರೀ ಕೆಂಪು, ಅವನಿಗೆ ಈ ತೊಂದರೆಯೇ ಇಲ್ಲ. ಗೆದ್ದವರು ಸೋತವರ ಕಟ್ಟಿನಿಂದ ಒಂದು ಕಾರ್ಡು ಆರಿಸಿಕೊಳ್ಳಬಹುದು. ಅವನು ಅನಿತಳ ಹಸಿರು ಹುಲಿಯನ್ನು ಎತ್ತಿಕೊಂಡು, “ಬರೋ ಭಾನುವಾರ ತಿಮಿಂಗಿಲ ತಗೋತೀನಿ” ಎಂದು ಹೇಳಿ ಹೋಗಿದ್ದ.

ತಿಮಿಂಗಿಲ ಶ್ರೀಪ್ರಿಯಾಳದು. ಅಂಚಿಗೆಲ್ಲ ಚಿನ್ನದ ಬಣ್ಣ. ಮುಳಬಾಗಿಲಿನ ಮಾಮ ತಂದುಕೊಟ್ಟದ್ದು. ಅಂಥದ್ದು ಊರಿನಲ್ಲಿ ಇನ್ನೊಂದಿರಲಿಲ್ಲ. ಈ ಸಲ ಗೆದ್ದರೆ ಹುಲಿ ವಾಪಸ್ಸು, ಸೋತರೆ ತಿಮಿಂಗಿಲ ಹೋಯಿತು.

“ಆರು ಕಾರ್ಡು ತೆಗೀಲೇಬೇಕು. ನಿಂದು ಮೂರು, ನಂದು ಮೂರು” ಎಂದಳು ಅನಿತ.

“ಮೂರು ಆನೆ ಇದ್ರೂ ಮೂರು ಕಲ್ಲು ಇದ್ದಂಗೆ.”

“ಆಯ್ತಮ್ಮಾ, ನಿನ್ನ ಮೀನೇ ದೊಡ್ಡದು! ಉಪ್ಪು ಖಾರ ಹಾಕಿ ಹುರ್ಕೊಂಡು ತಿನ್ನು.”

“ಛೀ! ನಮ್ಮ ಮನೇಲಿ ಮೀನು ತಿನ್ನಲ್ಲ.”

ಇಬ್ಬರಿಗೂ ನಗು ಬಂತು. ಆದರೆ ಕಾರ್ಡು ಮಾತ್ರ ಯಾರೂ ತೆಗೆಯಲಿಲ್ಲ. ಅಂದು ಶುಕ್ರವಾರ, ಅನಿತಳ ವಂತು. ಅವಳು ನಲವತ್ತಾರನ್ನೂ ರಬ್ಬರ್ ಬ್ಯಾಂಡಿನಲ್ಲಿ ಬಿಗಿದುಕೊಂಡು ಮನೆಗೆ ಹೋದಳು.

ಮನೆಯಲ್ಲಿ ಹುಳುಗಳು ನಾಲ್ಕನೇ ಜ್ವರದಿಂದ ಎದ್ದಿದ್ದವು. ಜ್ವರ ಎಂದರೆ ಕಾಯಿಲೆಯಲ್ಲ. ರೇಷ್ಮೆಹುಳು ಮೇವು ಬಿಟ್ಟು, ಪೊರೆ ಕಳಚುವ ನಿದ್ದೆ. ಎದ್ದ ಮೇಲೆ ಅವು ಎಷ್ಟು ಸೊಪ್ಪು ಹಾಕಿದರೂ ಸಾಲದು ಎನ್ನುತ್ತವೆ. ಅಪ್ಪ, ಅಮ್ಮ, ಅಜ್ಜಿ ಬೈರಮ್ಮ ಎಲ್ಲರೂ ಸೊಪ್ಪಿನ ಕೆಲಸದಲ್ಲಿದ್ದರು. ನಡುಮನೆಯಲ್ಲಿ ಅನಿತ ಒಬ್ಬಳೇ.

ಅವಳು ಕಟ್ಟು ಬಿಚ್ಚಿದಳು. ಮರಿಮೀನುಗಳನ್ನು ಒಂದೊಂದಾಗಿ ಎತ್ತಿದಳು. ಒಂದು, ಎರಡು… ಆರು. ಅವು ಬಾಯಿ ತೆರೆದುಕೊಂಡು ಅವಳನ್ನೇ ನೋಡುತ್ತಿದ್ದವು. ಬೇಗ ಬೇಗ ಜಾಮಿಟ್ರಿ ಬಾಕ್ಸಿನಲ್ಲಿ ತುಂಬಿ ಮುಚ್ಚಳ ಒತ್ತಿದಳು.

‘ಗೆದ್ದ ಮೇಲೆ ಹೇಳಿದ್ರಾಯ್ತು. ಆವಾಗ ಅವಳೂ ಖುಷಿಯಾಗಿರ್ತಾಳೆ’ ಅಂದುಕೊಂಡಳು.

ಶನಿವಾರ ಶ್ರೀಪ್ರಿಯಾ ಬಂದು ಕಟ್ಟು ತೆಗೆದುಕೊಂಡು ಹೋದಳು.

ಭಾನುವಾರ ಬೆಳಿಗ್ಗೆ ಆಟ. ಜಾಗ ಶ್ರೀಪ್ರಿಯಾಳ ಮನೆಯ ಜಗಲಿಯೇ. ಒಂದೊಂದು ಕಡೆಗೂ ಹತ್ತು ಹುಣಸೆಬೀಜ ಇಟ್ಟರು, ಅವೇ ಪ್ರಾಣ. ಏಟು ಬಿದ್ದಷ್ಟು ಬೀಜ ಎತ್ತಬೇಕು, ಮುಗಿದರೆ ಸೋತಂತೆ. ಶ್ರೀಕೃಷ್ಣ ಟೋಪಿ ತಿರುಗಿಸಿ ಹಾಕಿಕೊಂಡು, ಹುಡುಗಿಯರ ಕಟ್ಟನ್ನು ಕೈಗೆ ತೆಗೆದುಕೊಂಡ.

“ಏನ್ರಮ್ಮಾ, ಡಯಟ್ ಮಾಡ್ಸಿದೀರಾ? ಸಣ್ಣಗಾಗಿದೆಯಲ್ಲಾ!”

“ನಲವತ್ತಿದೆ. ಎಣಿಸ್ಕೋ” ಎಂದಳು ಅನಿತ.

“ಹೂಂ, ನಲವತ್ತಿದೆ” ಎಂದಳು ಶ್ರೀಪ್ರಿಯಾ ಅದೇ ಹೊತ್ತಿಗೆ.

ಹಾಗೆಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಲವತ್ತು ಎಂದು ಇವಳಿಗೆ ಹೇಗೆ ಗೊತ್ತು?

ಶ್ರೀಕೃಷ್ಣ ಎಣಿಸಿದ. “ಮೂವತ್ತೆರಡು, ಮೂವತ್ತಮೂರು, ಮೂವತ್ನಾಲ್ಕು. ಖಲಾಸ್! ಮೂವತ್ನಾಲ್ಕಕ್ಕೆ ಆಟ ಇಲ್ಲ. ಕಮ್ಮಿ ತಂದವರು ಸೋತಂಗೆ. ಕೊಡಿ ತಿಮಿಂಗಿಲ.”

“ಇರೋ!” ಎಂದು ಇಬ್ಬರೂ ಒಟ್ಟಿಗೆ ಕೂಗಿದರು.

“ಹತ್ತು ನಿಮಿಷ ಕೊಡ್ತೀನಿ. ಅಷ್ಟರೊಳಗೆ ನಲವತ್ತು ಮಾಡಿ.”

ಅನಿತ ಅವನಿಂದ ಕಟ್ಟು ಕಿತ್ತುಕೊಂಡು, ತಲೆ ತಗ್ಗಿಸಿ ಲಂಗದ ಜೇಬಿಗೆ ಕೈ ಹಾಕಿದಳು. ತಮ್ಮನ ಕೈಗೆ ಸಿಕ್ಕೀತೆಂದು ಬೆಳಿಗ್ಗೆ ಜಾಮಿಟ್ರಿ ಬಾಕ್ಸಿನಿಂದ ತೆಗೆದು ಅಲ್ಲಿಟ್ಟುಕೊಂಡಿದ್ದಳು. ಆರು ಮರಿಮೀನು ಹೊರಗೆ ಬಂದವು. ಶ್ರೀಪ್ರಿಯಾ ಅವನ್ನು ನೋಡಿದಳು. ಅವಳ ಕಿವಿ ಕೆಂಪಾಯಿತು. ತಟ್ಟನೆ ಎದ್ದು ಒಳಗೆ ಓಡಿದಳು.

ಕೋಪ ಬಂದು ಹೋದಳು ಎಂದುಕೊಂಡು ಅನಿತ ಹಿಂದೆಯೇ ಓಡಿದಳು. ಒಳಗೆ ಶ್ರೀಪ್ರಿಯಾಳ ಅಜ್ಜಿ ವೆಂಕಟರತ್ನಮ್ಮ ಕನ್ನಡಕ ಏರಿಸಿಕೊಂಡು ಪಂಚಾಂಗ ಬಿಚ್ಚಿ ಕುಳಿತಿದ್ದರು.

“ಏನೇ ಇದು ಪ್ರಿಯಾ? ಏಕಾದಶಿ ಯಾವತ್ತು ಅಂತ ನೋಡೋಣ ಅಂದ್ರೆ ಅದರ ಮೇಲೆ ಆನೆ ಕೂತಿದೆ! ಈ ಪುಟದಲ್ಲೂ ಆನೆ, ಆ ಪುಟದಲ್ಲೂ ಆನೆ. ನಮ್ಮ ಪಂಚಾಂಗಕ್ಕೆ ಎಷ್ಟಮ್ಮಾ ಆನೆ ಕಟ್ಟಿದ್ದೀಯ?”

“ಆರು, ಅಜ್ಜಿ” ಎಂದಳು ಶ್ರೀಪ್ರಿಯಾ, ಸಣ್ಣ ದನಿಯಲ್ಲಿ.

ಅನಿತ ಬಾಗಿಲಲ್ಲೇ ನಿಂತಳು. ‘ನನ್ನ ಆನೆ!’ ಎನ್ನಲು ಬಾಯಿ ತೆರೆದಳು. ಆಮೇಲೆ ಕೈಯಲ್ಲಿದ್ದ ಮೀನುಗಳು ಕಂಡವು.

ಇಬ್ಬರೂ ಹಿತ್ತಲ ಮೆಟ್ಟಿಲ ಮೇಲೆ ಕುಳಿತರು. ಮಧ್ಯೆ ಕಟ್ಟು, ಅದರ ಪಕ್ಕ ಆರು ಆನೆ, ಆರು ಮೀನು. ಬೇಕಾದದ್ದು ಆರು ಕಾರ್ಡು.

“ನಾನೇ ಮೊದಲು ತೆಗ್ದಿದ್ದು. ಶುಕ್ರವಾರ” ಎಂದಳು ಅನಿತ.

“ನಾನು ನಿನ್ನೆ. ಎಣಿಸಿದ್ರೆ ಗೊತ್ತಾಗ್ತಿತ್ತು. ಎಣಿಸೋಕೂ ಭಯ ಆಯ್ತು ಕಣೇ. ಯಾರಾದ್ರೂ ನೋಡ್ತಾರೇನೋ ಅಂತ.”

“ನಂಗೂ.”

ಅನಿತ ಆನೆಗಳನ್ನು ಒಂದು ಸಲ ನೋಡಿದಳು. ಇಷ್ಟು ದಿನದ ಆಟದಲ್ಲಿ ಒಂದು ಆನೆಯೂ ಇಳಿದಿರಲಿಲ್ಲ. ಅದು ಅವಳಿಗೆ ಗೊತ್ತಿತ್ತು. ಜಗಳ ಆಡುವಾಗಲೂ ಗೊತ್ತಿತ್ತು. ಅವಳು ಆರು ಮೀನನ್ನೂ ಎತ್ತಿ ಕಟ್ಟಿಗೆ ಸೇರಿಸಿದಳು.

“ಎಲ್ಲಾ ನಂದೇನಾ?” ಎಂದಳು ಶ್ರೀಪ್ರಿಯಾ. “ಬೇಡ. ಒಂದಾದ್ರೂ ಆನೆ ಇರ್ಲಿ.” ಅವಳು ಒಂದು ಮೀನು ತೆಗೆದು ಒಂದು ಆನೆ ತುರುಕಿದಳು.

“ಅದು ಬೇಡ ಕಣೇ, ಇಳಿಯಲ್ಲ ಅದು.”

“ಇರ್ಲಿ ಬಿಡು.”

“ಆಯ್ತೇನ್ರೇ?” ಎಂದು ಹೊರಗಿನಿಂದ ಕೂಗು ಬಂತು.

ಆವತ್ತಿನ ಆಟವನ್ನು ನೋಡಬೇಕಿತ್ತು! ಮೊದಲ ಸುತ್ತಿಗೇ ಒಂದು ಮರಿಮೀನು ಇಳಿಯಿತು. ಇಳಿದ ಪ್ರಾಣಿ ಇಳಿದಾಗ ಒಂದು ಸಲ ತನ್ನ ಸ್ಟಾರಿನಷ್ಟು ಏಟು ಕೊಡುತ್ತದೆ. ಶ್ರೀಕೃಷ್ಣನ ಒಂದು ಬೀಜ ಹೋಯಿತು. ಇನ್ನೊಂದು ಮೀನು, ಇನ್ನೊಂದು ಬೀಜ. ಆಮೇಲೆ ಮೂರು ಸ್ಟಾರಿನ ಕಾಡುಹಂದಿ. ನಾಲ್ಕು ನೀಲಿ ನೆಲ ಸೇರುತ್ತಲೇ ತಿಮಿಂಗಿಲವೂ ಇಳಿಯಿತು. ಶ್ರೀಕೃಷ್ಣ ಟೋಪಿ ತೆಗೆದು ಪಕ್ಕಕ್ಕಿಟ್ಟ. ಅವನ ಹತ್ತಿರ ಉಳಿದದ್ದು ಒಂದೇ ಒಂದು ಬೀಜ. ಅವನ ಕೆಂಪು ಪ್ರಾಣಿಗಳ ಏಟಿಗೆ ಹುಡುಗಿಯರ ಹತ್ತಿರ ಉಳಿದದ್ದೂ ಎರಡೇ.

“ಒಂದು ಮೀನು ಬಂದ್ರೆ ಸಾಕು” ಎಂದು ಶ್ರೀಪ್ರಿಯಾ ಕಣ್ಣು ಮುಚ್ಚಿಕೊಂಡಳು.

ಅನಿತ ಕಟ್ಟಿನ ಮೇಲಿನ ಕಾರ್ಡು ಎಳೆದಳು.

ಆನೆ.

ಹಸಿರು ನೆಲ ಮೂರೇ ಇತ್ತು. ಆನೆ ಕೈಯಲ್ಲೇ ಉಳಿಯಿತು. ಶ್ರೀಕೃಷ್ಣ ಬೆಂಕಿಭೂತ ಇಳಿಸಿ ಎರಡು ಬೀಜವನ್ನೂ ಎತ್ತಿಬಿಟ್ಟ. ಆಮೇಲೆ ಬಾಗಿ ತಿಮಿಂಗಿಲ ತೆಗೆದುಕೊಂಡು, ಅಂಗಿಗೆ ಒರೆಸಿ ಜೇಬಿಗಿಟ್ಟ.

“ಸಖತ್ತಾಗಿ ಆಡಿದ್ರಿ ಕಣ್ರೇ. ನಿಜವಾಗ್ಲೂ ಭಯ ಆಗಿತ್ತು” ಎಂದು ಹೇಳಿ ಸೈಕಲ್ ಹತ್ತಿದ.

ಅನಿತ ಕಾದಳು. ‘ನಿನ್ನ ಆನೆಯಿಂದ ನನ್ನ ತಿಮಿಂಗಿಲ ಹೋಯ್ತು’ ಎಂದು ಶ್ರೀಪ್ರಿಯಾ ಈಗ ಅನ್ನುತ್ತಾಳೆ. ಅಂದರೆ ತಪ್ಪೇನಿಲ್ಲ.

ಶ್ರೀಪ್ರಿಯಾ ಲಂಗದ ತುದಿಯಿಂದ ಕಣ್ಣು ಒರೆಸಿಕೊಂಡಳು. ಮೂಗು ಎಳೆದುಕೊಂಡಳು. “ಇನ್ನು ಎರಡು ಹಸಿರು ನೆಲ ಬಂದಿದ್ರೆ…” ಎಂದಳು. “ಐದು ಏಟು ಕಣೇ! ಒಂದು ಬೀಜಕ್ಕೆ ಐದು ಏಟು! ಅವನ ಮುಖ ಹೆಂಗಿರ್ತಿತ್ತು!”

ಅಳುತ್ತಲೇ ನಕ್ಕಳು. ಅನಿತಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹುಣಸೆಬೀಜಗಳನ್ನು ಒಂದೊಂದಾಗಿ ಆರಿಸಿ ಅವಳ ಕೈಗೆ ಹಾಕಿದಳು.

“ತಗೋ, ಇವತ್ತು ನಿನ್ನ ವಂತು” ಎಂದು ಶ್ರೀಪ್ರಿಯಾ ಕಟ್ಟನ್ನೂ ಹೊರಗುಳಿದ ಕಾರ್ಡುಗಳನ್ನೂ ಕೊಟ್ಟಳು.

ಸಂಜೆ ಅನಿತ ನಡುಮನೆಯಲ್ಲಿ ಕುಳಿತಳು. ತಿಮಿಂಗಿಲ ಹೋಗಿ ಕಟ್ಟಿನಲ್ಲಿ ಮೂವತ್ತೊಂಬತ್ತು ಉಳಿದಿತ್ತು. ಹೊರಗುಳಿದ ಒಂದು ಮರಿಮೀನು ಹಾಕಿದರೆ ಮತ್ತೆ ನಲವತ್ತಾಗಿ ಕಟ್ಟು ಸರಿಹೋಗುತ್ತದೆ. ಅದು ಅವಳಿಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಬೆರಳು ರಬ್ಬರ್ ಬ್ಯಾಂಡಿನ ಕೆಳಗೆ ಹೋಯಿತು.

ಸೊಪ್ಪಿನ ಬುಟ್ಟಿ ಹೊತ್ತು ಹೋಗುತ್ತಿದ್ದ ಅಪ್ಪ ಅಶ್ವತ್ಥಪ್ಪ ನಿಂತು ನೋಡಿದ. “ಸೋತ್ರಂತಲ್ಲಾ? ಕೂತ್ಕೊಂಡು ಸರಿ ಮಾಡ್ಬಾರ್ದೇನಮ್ಮಾ ಅದನ್ನ?”

ಅನಿತ ಬೆರಳು ಹೊರಗೆ ತೆಗೆದಳು. ಕಟ್ಟನ್ನು ಗೋಡೆಯ ಗೂಡಿನಲ್ಲಿಟ್ಟು, ಬುಟ್ಟಿಯ ಇನ್ನೊಂದು ಕಡೆ ಹಿಡಿಯಲು ಎದ್ದಳು.

“ಇವಾಗ ಬೇಡಪ್ಪಾ. ಪ್ರಿಯಾ ಬರ್ಲಿ.”